ಕೊಂಬು ಹಿಡಿದ ಕೈ

ಒಬ್ಬನೇ ಮನುಷ್ಯ. ಒಂದೇ ಊರು, ಒಂದೇ ಟ್ರ್ಯಾಕು, ಗಡಿಯಾರದಲ್ಲಿ ಅದೇ ಅರವತ್ತು ನಿಮಿಷ. 1996ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಮ್ಯಾಂಚೆಸ್ಟರಿನ ವೆಲೋಡ್ರೋಮಿನಲ್ಲಿ ಸೈಕಲ್ ಹತ್ತಿ ಒಂದು ಗಂಟೆಯಲ್ಲಿ ಕ್ರಮಿಸಿದ್ದು 56.375 ಕಿಲೋಮೀಟರ್. 2000ದ ಅಕ್ಟೋಬರಿನಲ್ಲಿ ಅದೇ ಮನುಷ್ಯ, ಅದೇ ಕಟ್ಟಡದೊಳಗೆ, ಜೀವ ಬಾಯಿಗೆ ಬರುವಂತೆ ತುಳಿದು ಮುಟ್ಟಿದ್ದು 49.441 ಕಿಲೋಮೀಟರ್. ಹತ್ತಿರಹತ್ತಿರ ಏಳು ಕಿಲೋಮೀಟರ್ ಮಾಯ! ಆದರೂ ಎರಡನೆಯ ಸಲವೂ ಆತ ವಿಶ್ವದಾಖಲೆ ಬರೆದೇ ಕೆಳಗಿಳಿದ. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಮಾಡಿದ್ದ 49.431 ಕಿ.ಮೀ. ದಾಖಲೆಗಿಂತ ಅದು ಹೆಚ್ಚು. ಎಷ್ಟು ಹೆಚ್ಚು? ಹತ್ತೇ ಹತ್ತು ಮೀಟರ್.

ಆ ಏಳು ಕಿಲೋಮೀಟರ್ ಎಲ್ಲಿಗೆ ಹೋಯಿತು? ವಯಸ್ಸು ಒಂದಿಷ್ಟು ತಿಂದಿರಬಹುದು. ಚಕ್ರಗಳೂ ಹೆಲ್ಮೆಟ್ಟೂ ಬೇರೆಯಾಗಿದ್ದವು, ಅವೂ ತಮ್ಮ ಪಾಲು ತೆಗೆದುಕೊಂಡಿವೆ. ಆದರೆ ದೊಡ್ಡ ಪಾಲು ನುಂಗಿದ್ದು ಮತ್ತೊಂದು. 1996ರಲ್ಲಿ ಬೋರ್ಡ್‌ಮನ್‌ನ ಎರಡೂ ಕೈ ಮುಂದಕ್ಕೆ ನೀಟಾಗಿ ಚಾಚಿದ್ದವು. 2000ದಲ್ಲಿ ಅವು ಹಳೆಯ ಕಾಲದ ಬಾಗಿದ ಹ್ಯಾಂಡಲ್ಲಿನ ಮೇಲಿದ್ದವು. ಕಾಲು ಅವೇ, ಎದೆ ಅದೇ. ಕೈ ಇಟ್ಟ ಜಾಗ ಬದಲಾಯಿತು, ಮೈಯ ಆಕಾರ ಬದಲಾಯಿತು, ಎದುರಿನ ಗಾಳಿಯೇ ಬೇರೆಯಾಯಿತು!

ಇದನ್ನು ಮೊದಲ ಸಲ ಓದಿದಾಗ ನಾನು ಎದ್ದುಹೋಗಿ ಗೋಡೆಗೊರಗಿದ್ದ ಸೈಕಲ್ಲಿನ ಹ್ಯಾಂಡಲ್ಲನ್ನು ಹೊಸದಾಗಿ ಮುಟ್ಟಿ ನೋಡಿದೆ. ನಮ್ಮಲ್ಲಿ ಹೆಚ್ಚಿನವರು ಸೈಕಲ್ ಕಲಿತದ್ದು ಹೀರೊ, ಅಟ್ಲಾಸ್‌ನಂಥ ಎತ್ತರದ ಕರಿ ಸೈಕಲ್ಲಿನ ಮೇಲೆ, ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆಯುತ್ತ. ಆ ಹ್ಯಾಂಡಲ್ಲಿನಲ್ಲಿ ಕೈಗೆ ಇದ್ದದ್ದು ಎಡಕ್ಕೊಂದು ಹಿಡಿ, ಬಲಕ್ಕೊಂದು ಹಿಡಿ, ಅಷ್ಟೇ. ರೋಡ್ ಬೈಕಿನ ಹ್ಯಾಂಡಲ್ ಹಾಗಲ್ಲ. ಟಗರಿನ ಕೊಂಬಿನ ಹಾಗೆ ಮುಂದಕ್ಕೆ ಹೋಗಿ, ಕೆಳಕ್ಕೆ ಸುತ್ತಿ, ಮತ್ತೆ ಸವಾರನ ಕಡೆಗೇ ತಿರುಗಿ ಬರುತ್ತದೆ. ನೋಡಿದವರು ‘ರೇಸ್ ಸೈಕಲ್, ಬಗ್ಗಿ ಓಡಿಸೋಕೆ ಹೀಗೆ ಮಾಡಿದ್ದಾರೆ’ ಎಂದುಕೊಂಡು ಮುಂದೆ ಹೋಗುತ್ತಾರೆ. ಬಗ್ಗಿ ಓಡಿಸಲು ಮಾತ್ರವೇ ಆಗಿದ್ದರೆ ಒಂದು ನೇರ ಕೊಳವೆಯನ್ನು ಕೆಳಗೆ ಕೂರಿಸಿದ್ದರೆ ಸಾಕಿತ್ತಲ್ಲ! ಈ ಕೊಂಬಿನ ಚೆಲುವು ಇರುವುದು ಅದು ಒಂದು ಜಾಗವನ್ನಲ್ಲ, ಹಲವು ಜಾಗಗಳನ್ನು ಕೊಡುತ್ತದೆ ಎನ್ನುವಲ್ಲಿ. ನಡುವಿನ ಮಟ್ಟಸ ಭಾಗ ಟಾಪ್ಸ್. ಬ್ರೇಕ್ ಲಿವರ್ ಕೂತಿರುವ, ರಬ್ಬರಿನ ಹೊದಿಕೆಯ ಉಬ್ಬು ಹುಡ್ಸ್. ಕೆಳಗೆ ಬಾಗಿದ ಭಾಗ ಡ್ರಾಪ್ಸ್. ಇವುಗಳ ನಡುವಿನ ಮೂಲೆಮುಡುಕುಗಳಲ್ಲಿ ಇನ್ನೂ ಒಂದೆರಡು ಹಿಡಿತ. ಅಂಗೈ ಒಂದು ಗೇಣು ಸರಿದರೆ ಸಾಕು, ಮೊಣಕೈ ಬೇರೆ ಕೋನಕ್ಕೆ ಮಡಿಯುತ್ತದೆ, ಬೆನ್ನು ಬೇರೆ ಇಳಿಜಾರಿಗೆ ಬರುತ್ತದೆ, ಕತ್ತು, ಸೊಂಟ, ಉಸಿರು ಎಲ್ಲವೂ ಹೊಸದಾಗಿ ಲೆಕ್ಕ ಹಾಕಿಕೊಳ್ಳುತ್ತವೆ.

ಯಾಕೆ ಇಷ್ಟೊಂದು ಗಲಾಟೆ? ಗಾಳಿ! ಸಮತಟ್ಟಾದ ರಸ್ತೆಯಲ್ಲಿ ಒಬ್ಬಂಟಿ ಸವಾರ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಅವನನ್ನು ಹಿಂದಕ್ಕೆ ಹಿಡಿದೆಳೆಯುವ ತಡೆಯಲ್ಲಿ ಸುಮಾರು ಶೇ 80ರಿಂದ 90ರಷ್ಟು ಗಾಳಿಯದೇ. ಟೈರಿನ ತಿಕ್ಕಾಟ, ಬೇರಿಂಗು, ಚೈನು ಎಲ್ಲ ಸೇರಿ ಉಳಿದ ಚೂರು. ಆ ಗಾಳಿಯಲ್ಲೂ ಸೈಕಲ್ಲಿಗೆ ಬಡಿಯುವುದು ಕಡಿಮೆ. ಮುಕ್ಕಾಲು ಪಾಲು ಬಡಿಯುವುದು ಮನುಷ್ಯನ ಮೈಗೆ. ಲಕ್ಷಗಟ್ಟಲೆ ಕೊಟ್ಟು ಕಾರ್ಬನ್ ಫ್ರೇಮು ಕೊಂಡವರಿಗೆ ಈ ಮಾತು ರುಚಿಸುವುದಿಲ್ಲ, ಇರಲಿ. ಇನ್ನೊಂದು ಲೆಕ್ಕ ಕೇಳಿ. ಗಾಳಿಯ ತಡೆ ಏರುವುದು ವೇಗದ ವರ್ಗದಂತೆ, ಅದನ್ನು ಸೀಳಲು ಬೇಕಾದ ಶಕ್ತಿ ಏರುವುದು ವೇಗದ ಘನದಂತೆ. ಗಂಟೆಗೆ 20 ಕಿ.ಮೀ. ಹೋಗುವವನು 40 ಹೋಗಬೇಕೆಂದರೆ ಗಾಳಿಗೆ ತೆರಬೇಕಾದ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು! ಎಂಟು ಪಟ್ಟು ಬಲದ ತೊಡೆ ಯಾರಿಗೂ ಇಲ್ಲ. ಇರುವ ಮೈಯನ್ನೇ ಗಾಳಿಯ ಕಣ್ಣಿಗೆ ಚಿಕ್ಕದು ಮಾಡಬೇಕು, ಅದಕ್ಕೆ ಕೈ ಎಲ್ಲಿದೆ ಎನ್ನುವುದು ಮುಖ್ಯವಾಗುತ್ತದೆ.

ಹಾಗಾದರೆ ಕೆಳಗಿನ ಡ್ರಾಪ್ಸ್ ಹಿಡಿದರೆ ಆಯಿತಲ್ಲ? ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ, ವಿಂಡ್ ಟನಲ್‌ನ ಫಲಿತಾಂಶಗಳು ಕಣ್ಣಿಗೆ ಬೀಳದೆ ಇದ್ದಿದ್ದರೆ. ಡ್ರಾಪ್ಸ್ ಹಿಡಿದು ಮೊಣಕೈ ನೆಟ್ಟಗೆ ಚಾಚಿದವನಿಗಿಂತ, ಮೇಲಿನ ಹುಡ್ಸ್ ಹಿಡಿದು ಮೊಣಕೈಯನ್ನು ತೊಂಬತ್ತು ಡಿಗ್ರಿಗೆ ಮಡಿಸಿ ಮುಂದೋಳನ್ನು ನೆಲಕ್ಕೆ ಸಮಾಂತರವಾಗಿ ಇಟ್ಟವನು ಗಾಳಿಗೆ ಚಿಕ್ಕವನಾಗಿ ಕಾಣುತ್ತಾನೆ! ಮೊದಲನೆಯವನ ಎರಡು ತೋಳು ಕಂಬಗಳಾಗಿ ಗಾಳಿಗೆ ಅಡ್ಡ ನಿಂತಿವೆ. ಎರಡನೆಯವನ ಮುಂದೋಳು ಗಾಳಿಗೆ ಕಾಣುವುದೇ ಇಲ್ಲ, ಕಾಣುವುದು ಮುಷ್ಟಿ ಮಾತ್ರ. ಕೈ ಎತ್ತರದಲ್ಲಿದೆ, ಮೈ ತಗ್ಗಿದೆ. ಟಿವಿಯಲ್ಲಿ ಟೂರ್ ಡಿ ಫ್ರಾನ್ಸ್ ನೋಡುವಾಗ ಗುಂಪು ಬಿಟ್ಟು ಒಬ್ಬನೇ ಮುಂದೆ ಓಡಿದವನ ತೋಳು ಗಮನಿಸಿ. ಹೆಚ್ಚಿನ ಹೊತ್ತು ಆತ ಇರುವುದು ಹೀಗೆ. ಇದು ಪುಕ್ಕಟೆ ಸಿಗುವುದಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಹತ್ತು ನಿಮಿಷ ಹಾಗೆ ಕೂತು ನೋಡಿ, ತೋಳಿನ ಹಿಂಬದಿಯ ಸ್ನಾಯು ಅಲ್ಲೇ ದೂರು ಕೊಡುತ್ತದೆ.

ಈ ಹುಡ್ಸ್‌ನ ಕಥೆಯೇ ಒಂದು ಸೋಜಿಗ. ಇವತ್ತು ರೋಡ್ ಬೈಕ್ ಸವಾರ ಅತಿ ಹೆಚ್ಚು ಕಾಲ ಕೈ ಇಡುವುದು ಅಲ್ಲಿ. ಆದರೆ ಮೊದಲಿಗೆ ಅದು ಕೈಗೆಂದು ಮಾಡಿದ ಜಾಗವೇ ಆಗಿರಲಿಲ್ಲ! ಬ್ರೇಕ್ ಲಿವರಿನ ಬುಡವನ್ನು ಮುಚ್ಚುವ ರಬ್ಬರು, ಅಷ್ಟೇ. ಹಳೆಯ ಚಿತ್ರಗಳಲ್ಲಿ ನೋಡಿದರೆ ಅದು ಸಣ್ಣಗೆ, ಹ್ಯಾಂಡಲ್ಲಿನ ಬಾಗಿನಲ್ಲಿ ತುಸು ಕೆಳಗೆ ಅಂಟಿಕೊಂಡಿರುತ್ತದೆ. ಆಗ ಗೇರು ಬದಲಿಸುವ ಸನ್ನೆಗಳು ಇದ್ದದ್ದು ಫ್ರೇಮಿನ ಓರೆ ಕೊಳವೆಯ ಮೇಲೆ. ಗೇರು ಬೇಕಾದಾಗಲೆಲ್ಲ ಒಂದು ಕೈ ಬಿಟ್ಟು, ಮೊಣಕಾಲಿನ ಹತ್ತಿರ ತಡಕಾಡಬೇಕಿತ್ತು. 1990ರಲ್ಲಿ ಜಪಾನಿನ ಶಿಮಾನೊ ತನ್ನ ಡ್ಯುರಾ-ಏಸ್ ಸರಣಿಯಲ್ಲಿ ಬ್ರೇಕನ್ನೂ ಗೇರನ್ನೂ ಒಂದೇ ಲಿವರಿಗೆ ಸೇರಿಸಿತು. ಎರಡು ವರ್ಷಕ್ಕೆ ಇಟಲಿಯ ಕ್ಯಾಂಪಗ್ನೋಲೊ ತನ್ನದನ್ನು ತಂದಿತು. ಅಷ್ಟೆಲ್ಲ ಯಂತ್ರ ಒಳಗೆ ಕೂರಬೇಕಲ್ಲ, ಹುಡ್ಸ್ ಊದಿಕೊಂಡವು. ಊದಿಕೊಂಡದ್ದಕ್ಕೆ ಅಂಗೈ ತುಂಬಿತು. ಗೇರು, ಬ್ರೇಕು ಎರಡೂ ಬೆರಳ ತುದಿಗೇ ಸಿಗುವುದರಿಂದ ಕೈ ಅಲ್ಲಿಂದ ಕದಲುವ ಕಾರಣವೇ ಇಲ್ಲವಾಯಿತು. ಹಲ್ಲುಚಕ್ರದ ಲೆಕ್ಕ ಹಾಕುತ್ತ ಕೂತ ಎಂಜಿನಿಯರರು ತಮಗರಿವಿಲ್ಲದೆಯೇ ಲಕ್ಷಾಂತರ ಜನರ ಬೆನ್ನಿನ ಭಂಗಿ ಬದಲಿಸಿಬಿಟ್ಟರು.

ಮತ್ತೆ, ಆ ಜಾಗ ಕೈಗೆ ಯಾಕೆ ಅಷ್ಟು ಹಿತ? ಎದುರಿಗೆ ಯಾರೋ ಕೈಕುಲುಕಲು ಬಂದರೆನ್ನಿ. ನಾವು ಕೈ ಚಾಚುವುದು ಹೆಬ್ಬೆರಳು ಮೇಲಾಗಿ, ಅಂಗೈ ಒಳಮುಖವಾಗಿ. ಮಣಿಕಟ್ಟು ಅತ್ತಲೂ ತಿರುಚಿಲ್ಲ, ಇತ್ತಲೂ ಮುರಿದಿಲ್ಲ. ಹುಡ್ಸ್ ಮೇಲೆ ಕೈ ಕೂರುವುದೂ ಹೀಗೇ. ನೇರ ಹ್ಯಾಂಡಲ್ಲಿನಲ್ಲಾದರೆ ಅಂಗೈ ನೆಲ ನೋಡುತ್ತದೆ, ಮುಂದೋಳಿನ ಎರಡು ಎಲುಬುಗಳು ಒಂದರ ಮೇಲೊಂದು ಹಾಯುತ್ತವೆ. ಅರ್ಧ ಗಂಟೆಗೆ ಅದೇನೂ ದೊಡ್ಡದಲ್ಲ. ಐದು ಗಂಟೆಯ ಸವಾರಿಗೆ ಅದೇ ದೊಡ್ಡದು.

ಐದು ಗಂಟೆಯ ಸವಾರಿಯೆಂದರೆ ಜೋಮಿನ ಮಾತು ಬರಲೇಬೇಕು. ದೂರ ಹೋಗಿ ಬಂದವರನ್ನು ಕೇಳಿ, ‘ಕಿರುಬೆರಳು, ಉಂಗುರಬೆರಳು ಜುಮುಜುಮು ಅಂತಿದೆ’ ಎನ್ನುತ್ತಾರೆ. ಸರಿಯಾಗಿ ಅವೆರಡೇ ಬೆರಳು! ಯಾಕೆ ಅವೆರಡೇ? ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಯಲ್ಲಿ, ಬಟಾಣಿ ಗಾತ್ರದ ಒಂದು ಎಲುಬಿದೆ. ಅದರ ಪಕ್ಕದ ಇನ್ನೊಂದು ಎಲುಬಿಗೆ ಕೊಕ್ಕೆಯಿದೆ. ಇವೆರಡರ ನಡುವಿನ ಇಕ್ಕಟ್ಟು ಸಂದಿಯಲ್ಲಿ ಅಲ್ನಾರ್ ನರ ಹಾದುಹೋಗುತ್ತದೆ. ಮೊಣಕೈ ತಾಗಿದಾಗ ಝುಮ್ಮೆನ್ನುತ್ತದಲ್ಲ, ಅದೇ ನರ. ಅಂಗೈಯ ಆ ಭಾಗವನ್ನು ಗಂಟೆಗಟ್ಟಲೆ ಹ್ಯಾಂಡಲ್ಲಿಗೆ ಒತ್ತಿದರೆ ನರ ನಲುಗುತ್ತದೆ, ಅದರ ಆಡಳಿತದಲ್ಲಿರುವ ಒಂದೂವರೆ ಬೆರಳು ಮಂಕಾಗುತ್ತದೆ. ಉಂಗುರಬೆರಳಿನ ಅರ್ಧ ಮಾತ್ರ, ಹೌದು, ಇನ್ನರ್ಧ ಬೇರೆ ನರದ್ದು! ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅಪರಾಧಿ ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ನರ, ಹೆಚ್ಚಾಗಿ ಮಣಿಕಟ್ಟನ್ನು ಹಿಂದಕ್ಕೆ ಮುರಿದು ಹಿಡಿದದ್ದರ ಫಲ. ಯಾವ ಬೆರಳು ದೂರುತ್ತಿದೆ ಎಂಬುದರಿಂದಲೇ ಕೈ ಎಲ್ಲಿ ತಪ್ಪಿ ಕೂತಿದೆ ಎಂದು ಓದಬಹುದು. ಆ ಇಕ್ಕಟ್ಟು ಸಂದಿಗೆ ಗ್ಯೋನ್ ನಾಳ ಎಂದು ಹೆಸರು. ಫ್ರಾನ್ಸಿನ ಶಸ್ತ್ರವೈದ್ಯ ಫೆಲಿಕ್ಸ್ ಗ್ಯೋನ್ ಅದನ್ನು ವಿವರಿಸಿದ್ದು 1861ರಲ್ಲಿ. ಪೆಡಲ್ ಇರುವ ಸೈಕಲ್ಲು ಪ್ಯಾರಿಸ್ಸಿನ ಬೀದಿಗೆ ಬಂದದ್ದೂ ಅದೇ ದಶಕದಲ್ಲಿ. ರೋಗದ ನಕ್ಷೆ ಮತ್ತು ರೋಗ ತರುವ ಯಂತ್ರ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದವು!

ಇಲ್ಲೊಂದು ತಮಾಷೆಯಿದೆ. ಕೈ ಜೋಮಿಗೆ ದಪ್ಪ ಗ್ಲೌಸು, ಎರಡು ಸುತ್ತು ಟೇಪು ಎಂದು ಅಂಗಡಿಯವರು ಕೊಡುತ್ತಾರೆ. ತಪ್ಪಲ್ಲ, ಆದರೆ ಕಾಯಿಲೆ ಎಷ್ಟೋ ಸಲ ಕೈಯಲ್ಲಿ ಇರುವುದೇ ಇಲ್ಲ, ಸೀಟಿನಲ್ಲಿರುತ್ತದೆ. ಸೀಟಿನ ಮೂತಿ ಕೆಳಮುಖವಾಗಿದ್ದರೆ ಮೈ ಮುಂದಕ್ಕೆ ಜಾರುತ್ತದೆ, ಜಾರುವ ಮೈಯನ್ನು ತಡೆಯುವ ಕೆಲಸ ಅಂಗೈಗೆ ಬೀಳುತ್ತದೆ. ಹ್ಯಾಂಡಲ್ ತೀರ ದೂರವಿದ್ದರೂ ಹೀಗೇ, ಹೊಟ್ಟೆ ಮತ್ತು ಸೊಂಟದ ಸ್ನಾಯುಗಳಿಗೆ ಕಸುವಿಲ್ಲದಿದ್ದರೂ ಹೀಗೇ. ಪರೀಕ್ಷೆ ಸುಲಭ. ನಿಂತಲ್ಲೇ ತುಳಿಯಲು ಬಿಡುವ ಟ್ರೇನರ್ ಸ್ಟ್ಯಾಂಡಿಗೆ ಸೈಕಲ್ ಕಟ್ಟಿ, ಹುಡ್ಸ್ ಹಿಡಿದು ಹದವಾಗಿ ತುಳಿಯುತ್ತ, ಕೈಗಳನ್ನು ರಬ್ಬರಿನಿಂದ ಒಂದು ಬೆರಳಷ್ಟು ಮೇಲೆತ್ತಿ ನೋಡಿ. ಮೈ ಹಾಗೇ ನಿಂತರೆ ಸರಿ. ಮುಂದಕ್ಕೆ ಮುಗ್ಗರಿಸಿದರೆ ಅಷ್ಟೂ ಭಾರವನ್ನು ಇಷ್ಟು ಹೊತ್ತು ಆ ಬಡಪಾಯಿ ನರವೇ ಹೊತ್ತಿತ್ತು ಎಂದರ್ಥ. ಕೈ ಹ್ಯಾಂಡಲ್ಲಿನ ಮೇಲೆ ಇರಬೇಕು, ಊರಿಕೊಂಡಿರಬಾರದು. ಆಮೇಲೂ ಒಂದೇ ಕಡೆ ಇರಬಾರದು. ಕೆಲವು ನಿಮಿಷಕ್ಕೊಮ್ಮೆ ಹುಡ್ಸ್‌ನಿಂದ ಟಾಪ್ಸ್‌ಗೆ, ಟಾಪ್ಸ್‌ನಿಂದ ಡ್ರಾಪ್ಸ್‌ಗೆ ತಿರುಗಾಡುತ್ತಿರಬೇಕು. ಟಗರುಕೊಂಬಿಗೆ ಅಷ್ಟೊಂದು ಉದ್ದ ಇರುವುದು ಅದಕ್ಕೇ.

ಬಿಗಿಯಾಗಿ ಹಿಡಿಯುವುದಂತೂ ಬೇಡವೇ ಬೇಡ. ಉತ್ತರ ಫ್ರಾನ್ಸಿನ ಪ್ಯಾರಿಸ್–ರೂಬೆ ಸ್ಪರ್ಧೆಯಲ್ಲಿ ಸುಮಾರು 55 ಕಿ.ಮೀ. ದಾರಿ ಹಳ್ಳಿಗಾಡಿನ ಉಬ್ಬುತಗ್ಗು ಕಲ್ಲುಹಾಸು. ಅಲ್ಲಿ ಕಂಪನಕ್ಕೆ ಬೆಚ್ಚಿ ಹ್ಯಾಂಡಲ್ಲನ್ನು ಅವುಚಿ ಹಿಡಿದವನ ಅಂಗೈ ಬೊಬ್ಬೆ ಬಂದು ಸುಲಿದುಹೋಗುತ್ತದೆ. ಅನುಭವಿಗಳು ಮೊಣಕೈ ಸಡಿಲಿಸಿ, ಬೆರಳು ಸಡಿಲಿಸಿ, ಹ್ಯಾಂಡಲ್ಲು ಕೈಯೊಳಗೇ ಕುಣಿಯಲು ಬಿಡುತ್ತಾರೆ. ದಿಕ್ಕನ್ನು ವೇಗವೇ ಕಾಯುತ್ತದೆ.

ಇನ್ನು ಇಳಿಜಾರು. ಭಾನುವಾರ ಬೆಳಗಾಗುವ ಮೊದಲೇ ಬೆಂಗಳೂರು ಬಿಟ್ಟು ನಂದಿಬೆಟ್ಟ ಹತ್ತುವ ಸವಾರರಲ್ಲಿ ಹೊಸಬರನ್ನು ಹಿಂದಿರುಗುವಾಗ ಗಮನಿಸಬೇಕು. ಭಯಕ್ಕೆ ನೆಟ್ಟಗೆ ಕೂತು, ಹುಡ್ಸ್ ಹಿಡಿದು, ಬ್ರೇಕನ್ನು ಮೇಲಿನಿಂದ ಹಿಂಡುತ್ತ ಬರುತ್ತಾರೆ. ಕೆಳಕ್ಕೆ ಬಗ್ಗಿದರೆ ಅಪಾಯ ಎಂದು ಮನಸ್ಸು ಹೇಳುತ್ತದೆ. ಭೌತಶಾಸ್ತ್ರ ಹೇಳುವುದು ತದ್ವಿರುದ್ಧ! ಬ್ರೇಕ್ ಲಿವರಿನ ಕೀಲು ಇರುವುದು ಅದರ ಮೇಲ್ತುದಿಯಲ್ಲಿ. ಮೇಲಿನಿಂದ ಹಿಡಿದವನ ಬೆರಳು ಕೀಲಿನ ಬಳಿಯೇ ಎಳೆಯುತ್ತದೆ, ಬಲ ಸಾಲುವುದಿಲ್ಲ. ಡ್ರಾಪ್ಸ್‌ನಿಂದ ಹಿಡಿದವನ ಬೆರಳು ಲಿವರಿನ ಕೆಳಭಾಗವನ್ನು ಎಳೆಯುತ್ತದೆ, ಸನ್ನೆ ಉದ್ದವಾಯಿತು, ಒಂದೆರಡು ಬೆರಳಿಗೇ ಚಕ್ರ ನಿಲ್ಲುತ್ತದೆ. ಮೈಯ ಭಾರವೂ ತಗ್ಗಿಗೆ ಬಂದು ಟೈರು ತಿರುವಿನಲ್ಲಿ ನೆಲ ಕಚ್ಚುತ್ತದೆ. ಗುಂಡಿಗೆ ಚಕ್ರ ಬಿದ್ದರೂ ಹೆಬ್ಬೆರಳು ಸುತ್ತಿ ಹಿಡಿದ ಕೈ ಜಾರುವುದಿಲ್ಲ. ಹೆದರಿದವರಿಗೇ ಡ್ರಾಪ್ಸ್ ಹೆಚ್ಚು ಬೇಕು.

ಹತ್ತುವಾಗ ಕಥೆ ತಿರುಗುಮುರುಗು. ಕಡಿದಾದ ಏರಿನಲ್ಲಿ ವೇಗ ಬೀಳುತ್ತದೆ, ಗಾಳಿ ಹಲ್ಲು ಕಿತ್ತ ಹಾವಾಗುತ್ತದೆ, ಕಾದಾಟ ಗುರುತ್ವದ ಜೊತೆ. ಟಾಪ್ಸ್ ಹಿಡಿದು ಎದೆ ಬಿಚ್ಚಿ ಕೂತರೆ ನಷ್ಟವಿಲ್ಲ. ಇದು ನಿಯಮ. ನಿಯಮ ಮುರಿಯಲು ಮಾರ್ಕೊ ಪಾಂತಾನಿ ಇದ್ದ. 1998ರಲ್ಲಿ ಒಂದೇ ವರ್ಷ ಜಿರೊ ಡಿ’ಇಟಾಲಿಯಾ ಮತ್ತು ಟೂರ್ ಎರಡನ್ನೂ ಗೆದ್ದ ಈ ಇಟಲಿಯ ಸಣ್ಣಕಾಯದವನು ಬೆಟ್ಟ ಹತ್ತುವಾಗ ಸೀಟಿನಿಂದೆದ್ದು, ಡ್ರಾಪ್ಸ್ ಹಿಡಿದು, ಸ್ಪ್ರಿಂಟ್ ಓಡುವವನಂತೆ ತುಳಿಯುತ್ತಿದ್ದ. ಪುಸ್ತಕದ ಪ್ರಕಾರ ತಪ್ಪು. ವಿಡಿಯೊ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ.

ಈಗ ಆ ಕಾಣೆಯಾದ ಏಳು ಕಿಲೋಮೀಟರಿನ ಜಾಡು ಹಿಡಿಯೋಣ. ಅದು ಶುರುವಾಗುವುದು 1989ರ ಜುಲೈ 23ರಂದು. ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಓಡಿ ಬಂದ ಟೂರ್ ಡಿ ಫ್ರಾನ್ಸಿನ ಕೊನೆಯ ದಿನ, ವರ್ಸೈಲ್ಸ್‌ನಿಂದ ಪ್ಯಾರಿಸ್ಸಿಗೆ 24.5 ಕಿ.ಮೀ. ಒಂಟಿ ಓಟ. ಫ್ರಾನ್ಸಿನ ಲೊರಾನ್ ಫಿನ್ಯೊ 50 ಸೆಕೆಂಡ್ ಮುಂದಿದ್ದ. ಅಮೆರಿಕದ ಗ್ರೆಗ್ ಲೆಮಾಂಡ್ ಹ್ಯಾಂಡಲ್ಲಿಗೆ ಒಂದು ವಿಚಿತ್ರ ಕೊಳವೆ ಕಟ್ಟಿಕೊಂಡು ಬಂದ. ಮುಂದಕ್ಕೆ ಚಾಚಿದ ಬಾಗು, ಮೊಣಕೈ ಊರಲು ಮೆತ್ತೆ. ಟ್ರಯಥ್ಲಾನ್ ಓಡುವವರು ಆಗಲೇ ಬಳಸುತ್ತಿದ್ದ ಅದನ್ನು ರೂಪಿಸಿದ್ದು ಬೂನ್ ಲೆನನ್ ಎಂಬ ಸ್ಕೀಯಿಂಗ್ ತರಬೇತುದಾರ. ಹಿಮದಿಳಿಜಾರಿನಲ್ಲಿ ಕೈ ಮುಂದೆ ಕೂಡಿಸಿ ಬಗ್ಗುವ ಭಂಗಿಯನ್ನೇ ಸೈಕಲ್ಲಿಗೆ ತಂದಿದ್ದ. ಫಿನ್ಯೊ ಹೆಲ್ಮೆಟ್ ಕೂಡ ಇಲ್ಲದೆ, ಜುಟ್ಟು ಹಾರಿಸುತ್ತ, ಸಾದಾ ಹ್ಯಾಂಡಲ್ ಹಿಡಿದು ಬಂದ. ಲೆಮಾಂಡ್ ಆ ದಿನ ಗಂಟೆಗೆ 54.5 ಕಿ.ಮೀ. ಸರಾಸರಿಯಲ್ಲಿ 58 ಸೆಕೆಂಡ್ ಗಳಿಸಿದ, ಟೂರ್ ಗೆದ್ದ, ಅಂತರ 8 ಸೆಕೆಂಡ್! ಟೂರ್ ಇತಿಹಾಸದಲ್ಲಿ ಅದಕ್ಕಿಂತ ಸಣ್ಣ ಅಂತರ ಇವತ್ತಿಗೂ ಇಲ್ಲ.

ಕೈ ಮುಂದೆ ಹೋದರೆ ಇಷ್ಟು ಸಿಗುವುದಾದರೆ, ಕೈಯೇ ಇಲ್ಲದಂತಾದರೆ? ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ಕೇಳಿಕೊಂಡದ್ದು ಹೆಚ್ಚುಕಡಿಮೆ ಇದನ್ನೇ. ಕಾಸಿಲ್ಲದ ಹವ್ಯಾಸಿ. ತನ್ನ ಸೈಕಲ್ಲನ್ನು ತಾನೇ ಬೆಸೆದ, ಅದಕ್ಕೆ ಹಾಕಿದ ಬೇರಿಂಗು ವಾಷಿಂಗ್ ಮಷೀನಿನದು. ಹ್ಯಾಂಡಲ್ಲನ್ನು ಗಿಡ್ಡ ಮಾಡಿ ಎದೆಯ ಕೆಳಗೆ ತಂದ. ತೋಳುಗಳನ್ನು ಪಕ್ಕೆಗೆ ಪೂರ್ತಿ ಮಡಿಸಿ, ಭುಜವನ್ನು ಮುಷ್ಟಿಯ ಮೇಲೇ ಇಟ್ಟ. ಗಾಳಿಗೆ ತೋಳೇ ಕಾಣುವುದಿಲ್ಲ! 1993ರ ಜುಲೈಯಲ್ಲಿ ನಾರ್ವೆಯ ಹಾಮಾರ್‌ನಲ್ಲಿ, ಇಟಲಿಯ ಫ್ರಾಂಚೆಸ್ಕೊ ಮೊಸೆರ್ 1984ರಲ್ಲಿ ಒಂದು ಗಂಟೆಯ ಓಟದಲ್ಲಿ ಬರೆದಿದ್ದ 51.151 ಕಿ.ಮೀ. ದಾಖಲೆಯ ಮೇಲೆ ಕಣ್ಣಿಟ್ಟು ಇಳಿದ, ಸೋತ. ಎಲ್ಲರೂ ಗಂಟುಮೂಟೆ ಕಟ್ಟುತ್ತಿದ್ದರೆ ಈ ಮಾರಾಯ ನಾಳೆ ಬೆಳಿಗ್ಗೆಯೇ ಮತ್ತೆ ಓಡುತ್ತೇನೆಂದ. ಕಾಲು ಸೆಟೆದುಕೊಳ್ಳಬಾರದೆಂದು ಮಲಗುವ ಮೊದಲು ಹೊಟ್ಟೆ ತುಂಬ ನೀರು ಕುಡಿದ. ಮೂತ್ರಕ್ಕೆ ಎಚ್ಚರವಾದಾಗಲೆಲ್ಲ ಎದ್ದು ಸ್ನಾಯು ಎಳೆದು ಸಡಿಲಿಸಿ ಮತ್ತೆ ಮಲಗಿದ. ಜುಲೈ 17ರ ಬೆಳಿಗ್ಗೆ 51.596 ಕಿ.ಮೀ. ಒಂಬತ್ತು ವರ್ಷದ ದಾಖಲೆ ಒಂದು ವಾಷಿಂಗ್ ಮಷೀನ್ ಬೇರಿಂಗಿನ ಮೇಲೆ ಉರುಳಿತು! ಆರೇ ದಿನಕ್ಕೆ ನಮ್ಮ ಬೋರ್ಡ್‌ಮನ್ ಬೋರ್ಡೊದಲ್ಲಿ 52.270 ಮಾಡಿದ. ಮುಂದಿನ ಏಪ್ರಿಲಿನಲ್ಲಿ ಓಬ್ರಿ 52.713.

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಬೆದರಿತು. 1994ರಲ್ಲೇ ಆ ಭಂಗಿ ನಿಷಿದ್ಧವಾಯಿತು, ಅದೇ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಬ್ರಿ ಅನರ್ಹನಾದ. ಬೇರೆಯವನಾಗಿದ್ದರೆ ಮನೆಗೆ ಹೋಗುತ್ತಿದ್ದ. ಈತ ಮಡಿಸಿದ ಕೈಯನ್ನು ಪೂರ್ತಿ ಬಿಚ್ಚಿ, ಸಿನಿಮಾದ ಸೂಪರ್‌ಮ್ಯಾನ್ ಹಾರುವ ಹಾಗೆ ಮುಂದಕ್ಕೆ ಚಾಚಿಕೊಂಡು ಬಂದ! ಅದೇ ಭಂಗಿಯಲ್ಲಿ 1995ರಲ್ಲಿ ಬೊಗೊಟಾದಲ್ಲಿ ವಿಶ್ವ ಚಾಂಪಿಯನ್ ಆದ. 1996ರಲ್ಲಿ ಬೋರ್ಡ್‌ಮನ್‌ನ 56.375 ಬಂದದ್ದು ಓಬ್ರಿಯ ಈ ಎರಡನೆಯ ಕಾಣ್ಕೆಯಿಂದ. ಆಮೇಲೆ ಯುಸಿಐ ಅದನ್ನೂ ನಿಲ್ಲಿಸಿ, ಮರ್ಕ್ಸ್ ಕಾಲದ ಸೈಕಲ್ಲಿನಲ್ಲಿ ಓಡಿದರೆ ಮಾತ್ರ ದಾಖಲೆ ಎಂದಿತು. ಬೋರ್ಡ್‌ಮನ್ ಹತ್ತು ಮೀಟರಿಗಾಗಿ ಒದ್ದಾಡಿದ್ದು ಆಗ. ನಿಯಮ ಮತ್ತೆ ಸಡಿಲಗೊಂಡು, ಇಟಲಿಯ ಫಿಲಿಪ್ಪೊ ಗಾನ್ನಾ 2022ರಲ್ಲಿ ಸ್ವಿಟ್ಜರ್ಲೆಂಡಿನ ಗ್ರೆಂಚೆನ್‌ನಲ್ಲಿ 56.792 ಕಿ.ಮೀ. ಓಡುವವರೆಗೆ ಆ 56.375ನ್ನು ಯಾರಿಂದಲೂ ಮೀರಲಾಗಲಿಲ್ಲ.

ಕೈಗೂ ಕಾನೂನಿಗೂ ಜಗಳ ಅಲ್ಲಿಗೆ ಮುಗಿದಿಲ್ಲ. ಮುಂದೋಳನ್ನು ಟಾಪ್ಸ್ ಮೇಲೆ ಊರಿ ಕೈಗಳನ್ನು ಗಾಳಿಯಲ್ಲಿ ಇಳಿಬಿಡುವ ಭಂಗಿಯನ್ನು ಯುಸಿಐ ರಸ್ತೆ ಸ್ಪರ್ಧೆಗಳಲ್ಲಿ 2021ರ ಏಪ್ರಿಲಿನಿಂದ ನಿಷೇಧಿಸಿತು. ಹಿಡಿತವೇ ಇಲ್ಲದೆ ಗುಂಪಿನಲ್ಲಿ ಓಡುವುದು ಅಪಾಯ ಎಂಬ ಆ ವಾದ ನನಗೆ ಒಪ್ಪಿಗೆ. ಆಗ ಸವಾರರು ಲಿವರುಗಳನ್ನು ಒಳಮುಖ ತಿರುಗಿಸಿ ಮುಂದೋಳುಗಳನ್ನು ಹತ್ತಿರ ತಂದರು. 2024ರಿಂದ ಆ ತಿರುವಿಗೂ ಮಿತಿ ಬಂತು. ಸವಾರರು ಹ್ಯಾಂಡಲ್ಲನ್ನೇ ಕಿರಿದು ಮಾಡಿದರು. 2026ರ ಜನವರಿಯಿಂದ ಅದರ ಹೊರ ಅಗಲ 400 ಮಿಲಿಮೀಟರಿಗೆ ಕಡಿಮೆ ಇರುವಂತಿಲ್ಲ ಎಂದಾಯಿತು. ಇದು ಮಾತ್ರ ನನಗೆ ಅರಗುವುದಿಲ್ಲ. ಹ್ಯಾಂಡಲ್ ಭುಜದ ಅಗಲಕ್ಕೆ ಹೊಂದಬೇಕೆಂಬುದು ಸೈಕಲ್ ಅಂಗಡಿಯ ಮೊದಲ ಪಾಠ. ದೊಡ್ಡಾಳುಗಳ ಚಾಲಾಕಿ ತಡೆಯಲು ಮಾಡಿದ ಅಳತೆ ಸಣ್ಣ ಭುಜದವರಿಗೆ, ಅದರಲ್ಲೂ ಹೆಂಗಸರಿಗೆ, ತೊಂದರೆ ಎಂದು ಸವಾರರು ತಕರಾರು ತೆಗೆದಿದ್ದಾರೆ. ವಿಜಯಪುರ, ಬಾಗಲಕೋಟೆಯ ಕಡೆ ಬೆಳಗಿನ ಹೆದ್ದಾರಿಯಲ್ಲಿ ಸಾಲಾಗಿ ಸೈಕಲ್ ತುಳಿಯುವ ಹುಡುಗಿಯರನ್ನು ನೋಡಿದವರಿಗೆ ಈ ತಕರಾರು ಬೇಗ ಅರ್ಥವಾಗುತ್ತದೆ. ಅವರಲ್ಲೊಬ್ಬಳು ನಾಳೆ ಯುರೋಪಿನ ರೇಸಿಗೆ ಇಳಿದರೆ, ತನ್ನ ಭುಜಕ್ಕಿಂತ ಅಗಲದ ಕೊಂಬು ಹಿಡಿದು, ತೋಳು ಹೊರಚಾಚಿ, ಅಷ್ಟೂ ಗಾಳಿಯನ್ನು ಎದೆಗೆ ತೆಗೆದುಕೊಳ್ಳಬೇಕು. ಪಕ್ಕದಲ್ಲಿ ಆರಡಿಯವಳು ಅದೇ 400 ಮಿಲಿಮೀಟರಿನೊಳಗೆ ಆರಾಮಾಗಿ ಅಡಗಿ ಕೂತಿರುತ್ತಾಳೆ.